ಕೈ ಬೆವರಿಗೆ ಕರೆಂಟ್: ಉರಿ ತಗ್ಗಿಸಲು ಏನೇನು ಮಾಡಿ ನೋಡಿದೆ

ಅಂಗೈ ಬೆವರಿಗೆ ಮನೆಯಲ್ಲೇ ಅಯಾಂಟೊಫೊರೆಸಿಸ್ ಮಾಡಿಕೊಳ್ಳಲು ಶುರು ಮಾಡಿ ಒಂದೂವರೆ ವರ್ಷ ಆಯಿತು. ಎರಡು ಟ್ರೇ, ತಳದಲ್ಲಿ ಒಂದೊಂದು ಲೋಹದ ಪ್ಲೇಟ್, ಮೇಲೆ ನೀರು. ಒಂದೊಂದರಲ್ಲಿ ಒಂದೊಂದು ಕೈ ಇಟ್ಟು 20 ನಿಮಿಷ ಸಣ್ಣ ಕರೆಂಟ್ ಹಾಯಿಸುವುದು, ಅಷ್ಟೇ. ಬೆವರು ನಿಲ್ಲುತ್ತದೆಯೇ ಅಂದರೆ, ನನಗೆ ನಿಂತಿತು. ಬರೆಯುವಾಗ ಕೈ ಕೆಳಗೆ ಕರ್ಚೀಫ್ ಇಟ್ಟುಕೊಳ್ಳುತ್ತಿದ್ದವನು ನಾನು, ಈಗ ಬೇಕಿಲ್ಲ. ಆದರೆ ಮೊದಲ ವಾರದ ಆ ಉರಿ ಇದೆಯಲ್ಲ, ಅದನ್ನು ತಡೆಯಲಾಗದೆ ಮಷಿನ್ ಅಟ್ಟಕ್ಕೆ ಹಾಕಿಬಿಡೋಣ ಅನ್ನಿಸಿತ್ತು. ಆಮೇಲೆ ಒಂದೊಂದನ್ನೇ ಬದಲಾಯಿಸುತ್ತಾ ಹೋದೆ. ಯಾವುದರಿಂದ ಹಾಯೆನಿಸಿತು, ಯಾವುದು ಸುಮ್ನೆ ಶ್ರಮ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಪೇಸ್‌ಮೇಕರ್ ಇರುವವರು, ಗರ್ಭಿಣಿಯರು, ಮೂರ್ಛೆರೋಗ ಅಥವಾ ಹೃದಯದ ಬಡಿತದ ತೊಂದರೆ ಇರುವವರು ಇದರ ತಂಟೆಗೆ ಹೋಗಬಾರದು. ಕೈಯೊಳಗೆ ರಾಡು, ಸ್ಕ್ರೂ ಇರುವವರು ವೈದ್ಯರನ್ನು ಕೇಳದೆ ಶುರು ಮಾಡಬಾರದು. ಒಂದು ಕೈಯಿಂದ ಹೊರಟ ಕರೆಂಟ್ ಮೈ ಹಾಯ್ದೇ ಇನ್ನೊಂದು ಕೈಗೆ ಬರುವುದು, ಅಲ್ವಾ? ಗೋಡೆಯ ಪ್ಲಗ್‌ನಿಂದ ತಂತಿ ಎಳೆದು ನೀವೇ ಮಷಿನ್ ಕಟ್ಟುವ ಸಾಹಸವಂತೂ ಬೇಡವೇ ಬೇಡ. ಉಂಗುರ, ಬಳೆ, ವಾಚು ತೆಗೆದಿಟ್ಟು ಕೂರಿ.

ಮೊದಲು ನನ್ನ ಹತ್ತಿರ ಇದ್ದದ್ದು ಡಿಸಿ ಮಷಿನ್, ಅಂದರೆ ಕರೆಂಟ್ ಒಂದೇ ಸಮ ಹರಿಯುವಂಥದ್ದು. ಇದು ಹಳೆಯ ದಾರಿ. 1968ರಲ್ಲೇ ಫ್ರೆಡ್ ಲೆವಿಟ್ ಎಂಬ ಅಮೆರಿಕದ ಚರ್ಮವೈದ್ಯರು ಬೆವರಿಗೆ ಇಂಥದ್ದೊಂದು ಸರಳ ಸಾಧನದ ಬಗ್ಗೆ ಬರೆದಿದ್ದರು. 8 ಮಿಲಿಆಂಪಿಯರ್ ತನಕ ಬರೀ ಜುಮ್ ಅನ್ನುತ್ತದೆ. 12 ದಾಟಿದರೆ ಮಣಿಕಟ್ಟಿನ ಸುತ್ತ ಕೆಂಪಿರುವೆ ಹತ್ತಿದ ಹಾಗೆ. ಅಂಗೈಗೆ ಸಾಮಾನ್ಯವಾಗಿ ಹೇಳುವ ಅಳತೆ 15ರಿಂದ 20. ನಾನು 15 ಮುಟ್ಟಲು ಒಂದು ವಾರಕ್ಕಿಂತ ಜಾಸ್ತಿ ಹಿಡಿಯಿತು.

ಆಮೇಲೆ ಒಂದು ತಿಂಗಳು ಎಲ್ಲ ನಿಲ್ಲಿಸಿ, ಬೆವರು ಪೂರ್ತಿ ವಾಪಸ್ ಬಂದ ಮೇಲೆ, ಪರಿಚಯದವರ ಪಲ್ಸ್ ಮಷಿನ್ ತಂದು ಮತ್ತೆ ಮೊದಲಿನಿಂದ ಶುರು ಮಾಡಿದೆ. ಇದರಲ್ಲಿ ಕರೆಂಟ್ ಬಹಳ ಬೇಗ ಬೇಗ ಹತ್ತಿ ಆರುತ್ತಿರುತ್ತದೆ. ಮೊದಲ ದಿನವೇ 15ಕ್ಕೆ ಹೋದೆ, ಮುಖ ಕಿವುಚದೆ. ಕೈ ಜಾರಿ ನೀರಿನಿಂದ ಮೇಲೆ ಬಂದರೆ ಡಿಸಿಯಲ್ಲಿ ಚುಳ್ ಎಂದು ಹೊಡೆಯುವ ಏಟು ಇದರಲ್ಲಿ ತೀರಾ ಕಡಿಮೆ. ಆದರೆ ಒಣಗುವುದು ನಿಧಾನ. ಡಿಸಿಯಲ್ಲಿ ಎಂಟನೇ ಸಲಕ್ಕೆ ಒಣಗಿದ ಕೈ ಇದರಲ್ಲಿ ಹದಿಮೂರನೇ ಸಲಕ್ಕೆ ಒಣಗಿತು. ಮಕ್ಕಳಿಗೆ, ಕರೆಂಟ್ ಅಂದರೆ ಹೆದರುವವರಿಗೆ ನಾನು ಕಣ್ಣು ಮುಚ್ಚಿ ಪಲ್ಸ್ ಅನ್ನುತ್ತೇನೆ. ನಾನು ಮಾತ್ರ ಡಿಸಿಗೇ ವಾಪಸ್ ಬಂದೆ, ಯಾಕೆಂದರೆ ಅಷ್ಟರಲ್ಲಿ ಉರಿ ಎಲ್ಲಿಂದ ಬರುತ್ತದೆ ಅನ್ನುವುದು ಗೊತ್ತಾಗಿತ್ತು.

ಅಂಗೈಯಿಂದ ಅಲ್ಲ! ಅಂಗೈ ಚರ್ಮ ದಪ್ಪ, ಅದು ತಡೆದುಕೊಳ್ಳುತ್ತದೆ. ಉರಿಯುವುದು ನೀರಿನ ಮೇಲ್ಮೈ ಕೈಗೆ ತಾಗುವ ಆ ಗೆರೆಯಲ್ಲಿ, ಮಣಿಕಟ್ಟಿನ ಒಳಬದಿ, ಬೆರಳ ಪಕ್ಕ, ಹಿಂಗೈಯ ಅಂಚು. ಅಲ್ಲೆಲ್ಲ ಚರ್ಮ ತೆಳು. ನಾನು ಪೆದ್ದನ ಹಾಗೆ ಟ್ರೇ ತುಂಬಾ ನೀರು ಹಾಕಿ ಮಣಿಕಟ್ಟಿನ ತನಕ ಮುಳುಗಿಸುತ್ತಿದ್ದೆ. ನೀರನ್ನು ಬೆರಳಿನ ಅರ್ಧ ದಪ್ಪ ಮುಳುಗುವಷ್ಟಕ್ಕೆ ಇಳಿಸಿದ ದಿನ ಅರ್ಧ ಉರಿ ಹೋಯಿತು.

ಉಳಿದ ಅರ್ಧಕ್ಕೆ ವ್ಯಾಸಲೀನ್. ಇದನ್ನು ಸರಿಯಾಗಿ ನೋಡೋಣ ಅಂತ ಬಲಗೈಗೆ ನೀರಿನ ಗೆರೆ ಬರುವ ಕಡೆ ಒಂದು ಪಟ್ಟಿ ಹಚ್ಚಿ, ಎಡಗೈ ಹಾಗೇ ಬಿಟ್ಟೆ. ಮರುಸಲ ಅದಲು ಬದಲು. ಆರು ಸಲ ಹೀಗೆ ಮಾಡಿದೆ, ಆರು ಸಲವೂ ಹಚ್ಚಿದ ಕೈ ನಿದ್ದೆ ಹೋದ ಹಾಗೆ, ಹಚ್ಚದ ಕೈ ಚುರುಚುರು. ಉಗುರಿನ ಪಕ್ಕ ಚರ್ಮ ಕಿತ್ತಿದ್ದರೆ, ಸಣ್ಣ ಗಾಯ ಇದ್ದರೆ ಅಲ್ಲೂ ಒಂದು ಚುಕ್ಕೆ ಇಡಬೇಕು. ಚರ್ಮ ಹರಿದ ಕಡೆ ಕರೆಂಟಿಗೆ ದಾರಿ ಸಲೀಸು, ಸೂಜಿ ಇಟ್ಟ ಹಾಗೆ ಚುಚ್ಚುತ್ತದೆ. ಗಾಯಕ್ಕೆ ಬ್ಯಾಂಡೇಜ್ ಪಟ್ಟಿಯನ್ನೂ ಹಾಕಿ ನೋಡಿದೆ, ಐದು ನಿಮಿಷಕ್ಕೆ ಬಿಚ್ಚಿ ನೀರಲ್ಲಿ ತೇಲುತ್ತಿತ್ತು. ವ್ಯಾಸಲೀನ್ ಅಂಗೈಗೆ ಮೆತ್ತಬೇಡಿ ಮಾತ್ರ, ಮೆತ್ತಿದ ಜಾಗಕ್ಕೆ ಕರೆಂಟೇ ಹೋಗುವುದಿಲ್ಲ, ಅಲ್ಲಿ ಬೆವರು ಇದ್ದ ಹಾಗೇ ಇರುತ್ತದೆ.

ಇನ್ನು ಒದ್ದೆ ಟವೆಲ್. ಕೆಲವರು ಟ್ರೇಗೆ ನೀರು ತುಂಬುವ ಬದಲು ಪ್ಲೇಟಿನ ಮೇಲೆ ನೆನೆಸಿದ ಟವೆಲ್ ಮಡಚಿ ಹಾಸಿ ಅದರ ಮೇಲೆ ಕೈ ಇಡುತ್ತಾರೆ. ನೀರಿನ ಗೆರೆಯೇ ಇಲ್ಲ, ಹಾಗಾಗಿ ಅಂಚಿನ ಉರಿಯೂ ಇಲ್ಲ. ಕೈಗೂ ಒಂದು ಮೆತ್ತನೆ ಆಸರೆ. ಒಂದು ವಾರ ಇದೇ ಸ್ವರ್ಗ ಅಂದುಕೊಂಡಿದ್ದೆ. ಆಮೇಲೆ ಒಂದು ದಿನ ಟವೆಲ್ ಸುಕ್ಕಾಗಿ ಒಂದು ಕಡೆ ಮಾತ್ರ ಕೈಗೆ ಒತ್ತುತ್ತಿತ್ತು, ಅದು ಗೊತ್ತಾಗದೆ ಕೂತೆ, ಎದ್ದಾಗ ಅಲ್ಲಿ ಕೆಂಪು ಗುರುತು. ಮಷಿನ್ ತನ್ನ ಅಳತೆಯ ಕರೆಂಟನ್ನು ಹೇಗಾದರೂ ಕಳಿಸುತ್ತದೆ. ಕೈ ತಾಗುವ ಜಾಗ ಚಿಕ್ಕದಾದರೆ ಅಷ್ಟೂ ಅಲ್ಲೇ ನುಗ್ಗುತ್ತದೆ. ನೀರಿನಲ್ಲಿ ಎರಡು ಬೆರಳು ಎತ್ತಿದರೆ ಉಳಿದ ಮೂರಕ್ಕೆ ಉರಿ ಏರುವುದೂ ಇದೇ ಕಾರಣಕ್ಕೆ. ಇನ್ನೊಂದು, ಟವೆಲ್‌ನಲ್ಲಿ ಬೆರಳ ಪಕ್ಕ ಒಣಗುವುದಿಲ್ಲ. ಈಗ ನಾನು ಎರಡನ್ನೂ ಬೆರೆಸಿದ್ದೇನೆ: ಪ್ಲೇಟಿನ ಮೇಲೆ ತೆಳ್ಳನೆ ಹತ್ತಿ ಬಟ್ಟೆ ಒಂದೇ ಮಡಿಕೆ, ಅದರ ಮೇಲೆ ತೆಳು ನೀರು. ಬಟ್ಟೆ ಇರುವುದರಿಂದ ಕೈ ನೇರ ಲೋಹಕ್ಕೆ ತಾಗುವುದಿಲ್ಲ, ತಾಗಿದರೆ ಸುಟ್ಟೀತು.

ನೀರಿನ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಲ್ಲಿ ನೀರು ಸಾಕು. ಆರ್‌ಓ ನೀರಿನಲ್ಲಿ ಲವಣ ಕಡಿಮೆ, ಡಯಲ್ ಎಷ್ಟು ತಿರುಗಿಸಿದರೂ ಕರೆಂಟ್ ತೋರಿಸುವ ಮುಳ್ಳು ಏಳಲಿಲ್ಲ. ಅದಕ್ಕೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದೆ, ಎದ್ದಿತು. ಉಪ್ಪು ಹಾಕಿದಾಗಲೂ ಎದ್ದಿತು, ಆದರೆ ಪ್ಲಸ್ ಕಡೆಯ ಟ್ರೇಯಿಂದ ಈಜುಕೊಳದ ವಾಸನೆ ಬಂತು, ನಾಲ್ಕು ದಿನಕ್ಕೆ ಸ್ಟೀಲ್ ಪ್ಲೇಟ್ ಕಂದಾಯಿತು. ಉಪ್ಪು ಬೇಡ. ನೀರು ಉಗುರುಬೆಚ್ಚಗಿದ್ದರೆ ಹಿತ, ತಣ್ಣೀರಲ್ಲಿ ಬೆರಳು ಸೆಟೆದುಕೊಂಡು ಉರಿ ಇನ್ನೂ ಎದ್ದು ಕಾಣುತ್ತದೆ.

ಕಡಿಮೆ ಕರೆಂಟಿನಲ್ಲಿ ಜಾಸ್ತಿ ಹೊತ್ತು ಕೂತರೆ ಹೇಗೆ? ನನಗೂ ಇದೇ ಆಸೆ ಇತ್ತು. 8 ಮಿಲಿಆಂಪಿಯರ್‌ನಲ್ಲಿ 40 ನಿಮಿಷ, ಎರಡು ವಾರ, ದಿನ ಬಿಟ್ಟು ದಿನ. ಬೆವರು ಜಗ್ಗಲಿಲ್ಲ. 40 ನಿಮಿಷ ಎರಡೂ ಕೈ ಕಟ್ಟಿಹಾಕಿಕೊಂಡು ಕೂರುವುದು ಎಂಥ ಹಿಂಸೆ ಅಂದರೆ, ಮೂಗು ಕೂಡ ಆಗಲೇ ತುರಿಸುತ್ತದೆ. ನನಗಂತೂ 15ರಲ್ಲಿ 20 ನಿಮಿಷವೇ ಮೇಲು, ಏರಿಸುವುದು ಮಾತ್ರ ನಿಧಾನವಾಗಿ. ಸೊನ್ನೆಯಿಂದ ಶುರು ಮಾಡಿ ಎರಡು ನಿಮಿಷ ತೆಗೆದುಕೊಂಡು ಏರಿಸಿದರೆ ಕೈ ಒಗ್ಗಿಕೊಳ್ಳುತ್ತದೆ. ಮೊದಮೊದಲು ಡಯಲ್ ತಿರುಗಿಸಲು ಅಕ್ಕನನ್ನು ಕೂರಿಸಿಕೊಳ್ಳುತ್ತಿದ್ದೆ. "ಸಾಕಾ, ಇನ್ನೂ ಬೇಕಾ?" ಅಂತ ಅವಳು ಮಸಾಜ್ ಮಾಡುವವಳ ಹಾಗೆ ಕೇಳುತ್ತಿದ್ದಳು. ಈಗ ಮೊಣಕೈಯಲ್ಲೇ ತಿರುಗಿಸುವುದು ಕಲಿತಿದ್ದೇನೆ. ಕೈ ತೆಗೆಯುವ ಮುಂಚೆ ಮತ್ತೆ ಸೊನ್ನೆಗೆ ಇಳಿಸುವುದನ್ನು ಮರೆಯಬೇಡಿ, ಒಂದೇ ಸಲ ಮರೆತೆ, ಟ್ರೇ ಮಗುಚಿತು.

ಪ್ಲಸ್ ಕಡೆಯ ಕೈ ಬೇಗ ಒಣಗುತ್ತದೆ, ನನಗೆ ಉರಿಯೂ ಅಲ್ಲೇ ಜಾಸ್ತಿ. ಆದ್ದರಿಂದ ಬದಲಾಯಿಸುತ್ತಲೇ ಇರಬೇಕು. ಒಂದು ದಿನ ಹೀಗೆ, ಮರುಸಲ ಹಾಗೆ ಅಂತ ಮಾಡಿದಾಗ ಯಾವ ದಿನ ಯಾವ ಕೈ ಅನ್ನುವುದೇ ಗೊಂದಲವಾಗುತ್ತಿತ್ತು. ಈಗ 10 ನಿಮಿಷಕ್ಕೆ ಸೊನ್ನೆಗೆ ಇಳಿಸಿ, ಸ್ವಿಚ್ ಅದಲು ಬದಲು ಮಾಡಿ, ಮತ್ತೆ ಏರಿಸಿ ಇನ್ನೊಂದು 10 ನಿಮಿಷ.

ಮುಗಿದ ಮೇಲೆ ಕೈ ಕೆಂಪಾಗಿರುವುದು ಸಹಜ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಸಣ್ಣ ಗುಳ್ಳೆ ಎದ್ದರೆ ನಾನು ಎರಡು ದಿನ ಬಿಡುತ್ತೇನೆ. ರಾತ್ರಿ ಕ್ರೀಮ್ ಹಚ್ಚಲೇಬೇಕು, ಒಣಗಿ ಬಿರಿದ ಚರ್ಮಕ್ಕೆ ಮುಂದಿನ ಸಲ ಎರಡರಷ್ಟು ಉರಿ. ಬೆವರು ಇಷ್ಟಕ್ಕೂ ತಗ್ಗದಿದ್ದರೆ ವೈದ್ಯರು ನೀರಿಗೆ ಬೆರೆಸಲು ಗ್ಲೈಕೊಪೈರೊಲೇಟ್ ಎಂಬ ಔಷಧಿ ಬರೆದುಕೊಡುವುದುಂಟು, ಅದರಿಂದ ಬಾಯಿ ಒಣಗಬಹುದು. ನನಗೆ ಅಲ್ಲಿಯವರೆಗೆ ಹೋಗಬೇಕಾಗಿ ಬರಲಿಲ್ಲ. ಶುರುವಿನಲ್ಲಿ ವಾರಕ್ಕೆ ನಾಲ್ಕು ಸಲ ಕೂರುತ್ತಿದ್ದವನು ಈಗ ಹತ್ತು ದಿನಕ್ಕೊಮ್ಮೆ ಕೂರುತ್ತೇನೆ. ಹನ್ನೆರಡನೇ ದಿನಕ್ಕೆ ಹೋದರೆ ಫೋನಿನ ಗಾಜಿನ ಮೇಲೆ ಹೆಬ್ಬೆರಳ ಒದ್ದೆ ಗುರುತು ಕಾಣಿಸುತ್ತದೆ, ಆಗ ಟ್ರೇ ಹೊರಗೆ ತೆಗೆಯುತ್ತೇನೆ.