ಬಿಚ್ಚಲು ಬಿಡದ ದಾರ: ಹೊಸಬರಿಗಾಗಿ ಮಾಡಿದ ಕ್ರೋಶಾ ಕಿಟ್ ಒಂದರ ವಿಮರ್ಶೆ

ಕೊಕ್ಕೆಯ ಕಡ್ಡಿಯೊಂದರಿಂದ ದಾರವನ್ನು ಹೆಣೆಯುವ ಕ್ರೋಶಾ ಕಲೆಯನ್ನು ಕಲಿಯಬೇಕೆಂದುಕೊಂಡವರಿಗೆ ಈಗ ದಾರ, ಕಡ್ಡಿ, ಪುಸ್ತಿಕೆ ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಜೋಡಿಸಿಕೊಡುವ ಕಿಟ್‌ಗಳು ಸಿಗುತ್ತವೆ. ಅಂಥದೊಂದನ್ನು ತರಿಸಿಕೊಂಡು ಸುಮಾರು ಆರು ವಾರ, ದಿನಕ್ಕೆ ಅರ್ಧ ಗಂಟೆಯಂತೆ, ಅದರೊಂದಿಗೆ ಕುಳಿತೆ. ಮುಚ್ಚಳದ ಮೇಲೆ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಪೆಂಗ್ವಿನ್ ಬೊಂಬೆಯ ಚಿತ್ರವಿತ್ತು. ಅದರ ಕೆಳಗೆ, ಏನೂ ಬಾರದವರೂ ಇದನ್ನು ಹೆಣೆಯಬಹುದು ಎಂಬ ಆಶ್ವಾಸನೆಯಿತ್ತು. ಅದಕ್ಕೂ ಮುನ್ನ ನಾನು ಕ್ರೋಶಾ ಕಡ್ಡಿಯನ್ನು ಕೈಯಲ್ಲಿ ಹಿಡಿದವನಲ್ಲವಾದ್ದರಿಂದ ಆ ಮಾತನ್ನು ಪರೀಕ್ಷಿಸಲು ಯೋಗ್ಯನಾಗಿಯೇ ಇದ್ದೆ. ಈ ಕಿಟ್‌ನ ಸಲಕರಣೆಗಳು ಚೆನ್ನಾಗಿವೆ, ದಾರದ ಆಯ್ಕೆ ತಪ್ಪಾಗಿದೆ, ಪುಸ್ತಿಕೆಯಂತೂ ಬೊಂಬೆ ಮಾಡಿಸುವ ಅವಸರದಲ್ಲಿ ಹೊಲಿಗೆಯನ್ನು ಕಲಿಸುವುದನ್ನೇ ಮರೆತಿದೆ.

ಮೊದಲು ಮೆಚ್ಚಿದ್ದನ್ನು ಹೇಳುತ್ತೇನೆ. ಡಬ್ಬಿಯಲ್ಲಿದ್ದ 3.5 ಮಿಲಿಮೀಟರಿನ ಅಲ್ಯೂಮಿನಿಯಂ ಕಡ್ಡಿಗೆ ಮೆದುವಾದ ರಬ್ಬರಿನ ಹಿಡಿಕೆಯಿದೆ. ಅದರ ಕೊಕ್ಕೆ ಚೂಪಾಗಿಯೂ ಇಲ್ಲ, ತೀರ ಮೊಂಡಾಗಿಯೂ ಇಲ್ಲ. ಕುಣಿಕೆಯೊಳಗೆ ಸಲೀಸಾಗಿ ಇಳಿದು, ದಾರವನ್ನು ಹಿಡಿದು, ಕೈಬಿಡದೆ ಮೇಲೆ ಬರುತ್ತದೆ. ಕಲಿಯುವ ದಿನಗಳಲ್ಲಿ ಎಲ್ಲರೂ ಕಡ್ಡಿಯನ್ನು ಬೇಕಾದುದಕ್ಕಿಂತ ಬಿಗಿಯಾಗಿ ಹಿಡಿಯುತ್ತಾರೆ ಎಂಬುದನ್ನು ಗಮನಿಸಿದರೆ ಆ ಹಿಡಿಕೆಯ ಬೆಲೆ ತಿಳಿಯುತ್ತದೆ. ಹತ್ತು ಗುರುತುಪಿನ್ನುಗಳು, ಮೊಂಡು ಮೂತಿಯ ದಬ್ಬಣ, ತುಂಬಿಸಲು ಬೇಕಾದಷ್ಟು ಕೃತಕ ಅರಳೆ, ಎರಡು ಜೊತೆ ಪ್ಲಾಸ್ಟಿಕ್ ಕಣ್ಣುಗಳು, ಯಾವುದರಲ್ಲೂ ಜಿಪುಣತನವಿಲ್ಲ.

ತೊಡಕಿರುವುದು ದಾರದಲ್ಲಿ. ಪೆಂಗ್ವಿನ್ ಕಪ್ಪಗಿರಬೇಕಾದ್ದರಿಂದ ಕೊಟ್ಟಿರುವ ಮುಖ್ಯ ಉಂಡೆಯೂ ಕಪ್ಪು. ಕ್ರೋಶಾದಲ್ಲಿ ಪ್ರತಿಯೊಂದು ಹೊಲಿಗೆಯ ನೆತ್ತಿಯಲ್ಲೂ ಎರಡು ಎಳೆಗಳು ಸೇರಿ ಮಲಗಿದ ಬಾಣದ ಮೊನೆಯಂತೆ ಕಾಣುತ್ತವೆ. ಮುಂದಿನ ಸುತ್ತಿನಲ್ಲಿ ಕಡ್ಡಿಯನ್ನು ಆ ಎರಡು ಎಳೆಗಳ ಅಡಿಯಿಂದಲೇ ತೂರಿಸಬೇಕು. ಎಲ್ಲಿ ತೂರಿಸಬೇಕು, ಎಷ್ಟು ಹೊಲಿಗೆಗಳಾದವು, ಎಲ್ಲಿ ಒಂದು ತಪ್ಪಿಹೋಯಿತು ಎಂಬ ಮೂರೂ ಪ್ರಶ್ನೆಗಳಿಗೆ ಉತ್ತರ ಆ ಮೊನೆಗಳಲ್ಲೇ ಇದೆ. ಕಪ್ಪು ದಾರ ನೆರಳನ್ನು ನುಂಗಿಬಿಡುವುದರಿಂದ ಅವು ಕಣ್ಣಿಗೆ ಬೀಳುವುದೇ ಇಲ್ಲ. ಮೊದಲ ವಾರವೆಲ್ಲ ದೀಪವನ್ನು ಹತ್ತಿರಕ್ಕೆಳೆದುಕೊಂಡು, ಬೆರಳ ತುದಿಯಿಂದ ತಡವಿ ಎಣಿಸಬೇಕಾಯಿತು, ಪ್ರತಿಸಲವೂ ಬೇರೆ ಬೇರೆ ಲೆಕ್ಕ ಬಂತು.

ಬಣ್ಣವೊಂದೇ ಆಗಿದ್ದರೆ ಸಹಿಸಬಹುದಿತ್ತು. ಈ ದಾರ ಸಡಿಲವಾಗಿ ಹುರಿಗೊಳಿಸಿದ ಅಕ್ರಿಲಿಕ್. ಕಡ್ಡಿಯ ಕೊಕ್ಕೆ ಇಡೀ ದಾರವನ್ನು ಹಿಡಿಯುವ ಬದಲು ಅರ್ಧ ಎಳೆಗಳನ್ನು ಹಿಡಿದು ಮಿಕ್ಕವನ್ನು ಬಿಟ್ಟುಬಿಡುತ್ತದೆ. ಇನ್ನು ತಪ್ಪಾಯಿತೆಂದು ಬಿಚ್ಚಿದರೆ ಹೊಸ ಸಂಕಟ. ಮೊದಲ ಸಲ ಬಿಚ್ಚಿದಾಗ ದಾರ ನವಿರಾಗಿ ಹಿಂದಿರುಗುತ್ತದೆ, ಎರಡನೆಯ ಸಲ ಜುಂಜುಗಟ್ಟುತ್ತದೆ, ನಾಲ್ಕನೆಯ ಸಲಕ್ಕೆ ಆ ಜುಂಜುಗಳು ಒಂದಕ್ಕೊಂದು ಹೆಣೆದುಕೊಂಡು ಕತ್ತರಿಯನ್ನೇ ಬೇಡುತ್ತವೆ. ಕ್ರೋಶಾ ಕಲಿಯುವವನಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಕ್ರೋಶಾದಲ್ಲಿ ಕಡ್ಡಿಯ ಮೇಲಿರುವ ಒಂದೇ ಒಂದು ಕುಣಿಕೆಯನ್ನು ಜಾರಿಸಿ ದಾರವನ್ನು ಎಳೆದರೆ ಹೊಲಿಗೆಗಳು ಒಂದೊಂದಾಗಿ ಕಳಚುತ್ತವೆ. ಬೇಕಾದಲ್ಲಿ ನಿಲ್ಲಿಸಿ, ಕುಣಿಕೆಯನ್ನು ಮತ್ತೆ ಕಡ್ಡಿಗೇರಿಸಿ ಮುಂದುವರಿಯಬಹುದು. ಎರಡು ಕಡ್ಡಿಗಳ ನಿಟ್ಟಿಂಗ್‌ನಲ್ಲಿ ಇಡೀ ಸಾಲಿನ ಕುಣಿಕೆಗಳೆಲ್ಲ ಏಕಕಾಲಕ್ಕೆ ತೆರೆದೇ ಇರುವುದರಿಂದ ಒಂದು ಜಾರಿದರೆ ಅದು ಏಣಿಯಂತೆ ಕೆಳಕೆಳಗಿನ ಸಾಲುಗಳಿಗೂ ಇಳಿಯಬಲ್ಲುದು. ಹೊಸಬರಿಗೆ ಕ್ರೋಶಾ ಹಗುರವೆನ್ನಲು ನನಗೆ ತೋರುವ ಮುಖ್ಯ ಕಾರಣವೇ ಈ ನಿರ್ಭಯದ ಬಿಚ್ಚುವಿಕೆ. ಆ ಸೌಲಭ್ಯವನ್ನೇ ಕಸಿದುಕೊಳ್ಳುವ ದಾರವನ್ನು ಹೊಸಬರ ಡಬ್ಬಿಯಲ್ಲಿಡುವುದು, ಬರೆದರೆ ಅಳಿಸಲಾಗದ ಸ್ಲೇಟನ್ನು ಕೊಟ್ಟು ಅಕ್ಷರ ತಿದ್ದು ಎಂದಂತೆ.

ಪುಸ್ತಿಕೆಯ ಮೊದಲ ಪಾಠವೇ ಮ್ಯಾಜಿಕ್ ರಿಂಗ್. ದಾರವನ್ನು ಬೆರಳಿಗೆ ಸುತ್ತಿ, ಆ ಸಡಿಲ ಉಂಗುರದೊಳಗೆ ಆರು ಹೊಲಿಗೆಗಳನ್ನು ಹಾಕಿ, ಬಾಲವನ್ನೆಳೆದು ನಡುವಿನ ರಂಧ್ರವನ್ನು ಮುಚ್ಚುವ ಈ ಉಪಾಯ ಸೊಗಸಾದದ್ದೇ. ಆದರೆ ದಾರವನ್ನು ಎಡಗೈಯಲ್ಲಿ ಹೇಗೆ ಹಿಡಿಯಬೇಕೆಂದೇ ಗೊತ್ತಿಲ್ಲದವನಿಗೆ ಅದು ಮೊದಲ ಮೆಟ್ಟಿಲಲ್ಲ. ನನಗೆ ಅದು ಕೈಗೆ ಹತ್ತಿದ್ದು ಹದಿಮೂರನೆಯ ಯತ್ನದಲ್ಲಿ. ಇದಕ್ಕೆ ಸರಳ ಪರ್ಯಾಯವಿದೆ: ಕುಣಿಕೆಯೊಳಗಿಂದ ಕುಣಿಕೆಯೆಳೆದು ಎರಡು ಸರಪಳಿ ಹೊಲಿಗೆಗಳನ್ನು ಹಾಕಿ, ಕಡ್ಡಿಯಿಂದ ಎರಡನೆಯದಾದ ಸರಪಳಿಯೊಳಗೇ ಆರು ಸಿಂಗಲ್ ಕ್ರೋಶಾಗಳನ್ನು (ಕ್ರೋಶಾದ ಮೂಲ ಗಿಡ್ಡ ಹೊಲಿಗೆಗಳನ್ನು) ಹಾಕಿದರೆ ಸಾಕು; ನಡುವೆ ಸಣ್ಣ ತೂತು ಉಳಿಯಬಹುದು, ಅಷ್ಟೇ. ಪುಸ್ತಿಕೆ ಅದರ ಸುದ್ದಿಯನ್ನೇ ಎತ್ತುವುದಿಲ್ಲ.

ಅಲ್ಲಿಂದ ಮುಂದೆ ಆರು, ಹನ್ನೆರಡು, ಹದಿನೆಂಟು, ಇಪ್ಪತ್ತನಾಲ್ಕು ಎಂದು ಸುತ್ತಿನಿಂದ ಸುತ್ತಿಗೆ ಹೊಲಿಗೆಗಳು ಹೆಚ್ಚುತ್ತವೆ. ಪುಸ್ತಿಕೆ ಈ ಸಂಖ್ಯೆಗಳನ್ನು ಮಗ್ಗಿಯಂತೆ ಒಪ್ಪಿಸುತ್ತದೆಯೇ ಹೊರತು ಅವು ಹೀಗೇಕಿವೆ ಎನ್ನುವುದಿಲ್ಲ. ಸಿಂಗಲ್ ಕ್ರೋಶಾದ ಎತ್ತರವೂ ಅಗಲವೂ ಹೆಚ್ಚುಕಡಿಮೆ ಸಮನಾಗಿರುವುದರಿಂದ, ಪ್ರತಿ ಸುತ್ತಿಗೂ ಸುಮಾರು ಆರು ಹೊಲಿಗೆಗಳು ಕೂಡಿದರೆ ವೃತ್ತ ಚಪ್ಪಟೆಯಾಗಿ ಬೆಳೆಯುತ್ತದೆ. ಕಡಿಮೆಯಾದರೆ ಬಟ್ಟಲಿನಂತೆ ಗುಳಿಬೀಳುತ್ತದೆ, ಹೆಚ್ಚಾದರೆ ಅಂಚು ನೆರಿಗೆಗಟ್ಟುತ್ತದೆ. ಈ ಮೂರು ಮಾತುಗಳನ್ನು ಒಂದು ಪುಟದಲ್ಲಿ ಚಿತ್ರದೊಂದಿಗೆ ಕೊಟ್ಟಿದ್ದರೆ, ನನ್ನ ಪೆಂಗ್ವಿನ್‌ನ ತಲೆ ಮೂರನೆಯ ಸುತ್ತಿಗೇ ಬಟ್ಟಲಾಗತೊಡಗಿದಾಗ ನಾನೇ ಕಾರಣವನ್ನು ಊಹಿಸಬಹುದಿತ್ತು. ಗುರುತುಪಿನ್ನನ್ನು ಪ್ರತಿ ಸುತ್ತಿನ ಮೊದಲ ಹೊಲಿಗೆಗೆ ಸಿಕ್ಕಿಸಿ, ಸುತ್ತು ಮುಗಿದಂತೆ ಮೇಲಕ್ಕೆ ಸಾಗಿಸುತ್ತಿರಬೇಕೆಂಬ ಸೂಚನೆ ಮಾತ್ರ ಸ್ಪಷ್ಟವಾಗಿದೆ. ಸುರುಳಿಯಾಗಿ ಏರುವ ಕೆಲಸದಲ್ಲಿ ಸುತ್ತು ಎಲ್ಲಿ ಆರಂಭವಾಯಿತೆಂದು ತಿಳಿಯಲು ಆ ಪಿನ್ನೊಂದೇ ಆಧಾರ.

ಒಳಮೈ ಹೊರಮೈಗಳ ವಿಚಾರವನ್ನು ಪುಸ್ತಿಕೆ ಸಂಪೂರ್ಣವಾಗಿ ಬಿಟ್ಟಿದೆ. ಹೊರಮೈಯಲ್ಲಿ ಬಾಣದ ಮೊನೆಗಳೂ ಒಳಮೈಯಲ್ಲಿ ಅಡ್ಡಗೆರೆಗಳೂ ಕಾಣುತ್ತವೆ. ಹೊಸಬರ ಕೈಯಲ್ಲಿ ಬೊಂಬೆ ತನ್ನಷ್ಟಕ್ಕೆ ಒಳಮೈಯನ್ನು ಹೊರಗೆ ಮಾಡಿ ಸುರುಟಿಕೊಳ್ಳುವುದು ಸಾಮಾನ್ಯ. ನಾಲ್ಕೈದು ಸುತ್ತುಗಳಾದಾಗ ಅದನ್ನು ಕಾಲುಚೀಲದಂತೆ ಮಗುಚಿಬಿಟ್ಟರೆ ಸರಿಹೋಗುತ್ತದೆ.

ಇನ್ನು ಕಿಟ್‌ನ ಜೊತೆ ಬರುವ ವಿಡಿಯೋ ಪಾಠಗಳು. ಅವುಗಳ ಚಿತ್ರೀಕರಣ ಅಚ್ಚುಕಟ್ಟಾಗಿದೆ, ಕೈಗಳು ಹತ್ತಿರದಿಂದ ಕಾಣುತ್ತವೆ, ಎಡಗೈಯವರಿಗೆಂದು ಪ್ರತ್ಯೇಕವಾಗಿ ಮಾಡಿದ ಪಾಠಗಳೂ ಇವೆ. ಆದರೆ ಪುಸ್ತಿಕೆ ಅಮೆರಿಕದ ಹೆಸರುಗಳನ್ನು ಬಳಸಿದರೆ ವಿಡಿಯೋದ ಶಿಕ್ಷಕಿ ಬ್ರಿಟನ್ನಿನ ಹೆಸರುಗಳನ್ನು ಬಳಸುತ್ತಾರೆ. ಅಮೆರಿಕದವರು ಸಿಂಗಲ್ ಕ್ರೋಶಾ ಎನ್ನುವುದನ್ನೇ ಬ್ರಿಟನ್ನಿನವರು ಡಬಲ್ ಎನ್ನುತ್ತಾರೆ. ಅಮೆರಿಕದ ಡಬಲ್ ಅಲ್ಲಿ ಟ್ರೆಬಲ್. ಒಂದೇ ಹೆಸರಿಗೆ ಎರಡು ಎತ್ತರ! ಯಾವುದಾದರೂ ವಿನ್ಯಾಸದಲ್ಲಿ ಸಿಂಗಲ್ ಎಂಬ ಮಾತು ಕಂಡರೆ ಅದು ಅಮೆರಿಕದ ಪದ್ಧತಿ ಎಂದು ತಿಳಿಯಬಹುದೆಂಬ ಸುಳಿವು ನನಗೆ ಬಹಳ ತಡವಾಗಿ ಸಿಕ್ಕಿತು. ಅಲ್ಲದೆ ಶಿಕ್ಷಕಿ ದಾರವನ್ನು ಕಡ್ಡಿಯ ಮೇಲಿಂದ ಸುತ್ತದೆ ಕೊಕ್ಕೆಯಿಂದ ನೇರವಾಗಿ ಹಿಡಿದೆಳೆಯುತ್ತಾರೆ. ಹಾಗೆ ಮಾಡಿದರೆ ಹೊಲಿಗೆ ಕತ್ತರಿಗುರುತಿನಂತೆ, ತುಸು ಬಿಗಿಯಾಗಿ ಕೂರುತ್ತದೆ. ಪುಸ್ತಿಕೆಯ ಚಿತ್ರದಲ್ಲಿರುವುದು ಬಾಣದ ಮೊನೆ. ಎರಡೂ ಸರಿಯೇ, ಆದರೆ ಹೊಸಬನಿಗೆ ತನ್ನದೇ ತಪ್ಪೆನಿಸುತ್ತದೆ.

ಎರಡನೆಯ ವಾರದ ಕೊನೆಗೆ ನಾನು ಡಬ್ಬಿಯನ್ನು ಬದಿಗಿಟ್ಟು, ಲೇಬಲ್ಲಿನ ಮೇಲೆ 4 ಎಂಬ ಸಂಖ್ಯೆಯಿದ್ದ ನಸುಹಳದಿ ನಯ ದಾರವನ್ನೂ 5.5 ಮಿಲಿಮೀಟರಿನ ಕಡ್ಡಿಯನ್ನೂ ಬೇರೆಯಾಗಿ ಕೊಂಡೆ. ದಾರದ ದಪ್ಪವನ್ನು 0ಯಿಂದ 7ರವರೆಗೆ ಗುರುತಿಸುವ ಪದ್ಧತಿಯಲ್ಲಿ 4 ಎಂದರೆ ಮಧ್ಯಮ. ಅದಕ್ಕೆ ಸಾಮಾನ್ಯವಾಗಿ 5.5ರಿಂದ 6.5 ಮಿಲಿಮೀಟರಿನ ಕಡ್ಡಿಯನ್ನು ಸೂಚಿಸುತ್ತಾರೆ. ಒಳಗಿನ ಅರಳೆ ಇಣುಕದಿರಲೆಂದು ಬೊಂಬೆಗಳನ್ನು ಲೇಬಲ್ಲು ಹೇಳುವುದಕ್ಕಿಂತ ಸಣ್ಣ ಕಡ್ಡಿಯಲ್ಲಿ ಬಿಗಿಯಾಗಿ ಹೆಣೆಯುತ್ತಾರೆ. ಆ ಬಿಗಿತದಲ್ಲಿ ಕಡ್ಡಿ ತೂರಿಸುವುದೇ ಹೊಸಬರಿಗೆ ಸಾಹಸ. ಹಳದಿ ದಾರದಲ್ಲಿ ಹದಿನೈದು ಹೊಲಿಗೆ ಅಗಲದ ಚೌಕವನ್ನು ಹಾಕುತ್ತಾ ಬಿಚ್ಚುತ್ತಾ ಹೋದಂತೆ, ನನ್ನ ಚೌಕ ಏಕೆ ತ್ರಿಕೋನವಾಗುತ್ತಿದೆಯೆಂದು ಕಣ್ಣಿಗೇ ಕಂಡಿತು: ಪ್ರತಿ ಸಾಲಿನ ಕೊನೆಯ ಹೊಲಿಗೆಯನ್ನು ನಾನು ಬಿಟ್ಟುಬಿಡುತ್ತಿದ್ದೆ. ನಾಲ್ಕನೆಯ ವಾರ ಪೆಂಗ್ವಿನ್‌ಗೆ ಹಿಂದಿರುಗಿದಾಗ ಅದೇ ಕಪ್ಪು ದಾರ ಅಷ್ಟು ಹಟಮಾರಿಯೆನಿಸಲಿಲ್ಲ, ಏಕೆಂದರೆ ಹೊಲಿಗೆ ಎಲ್ಲಿರಬೇಕೆಂಬುದು ಬೆರಳಿಗೆ ಗೊತ್ತಾಗಿತ್ತು.

ಹೀಗಾಗಿ, ಸಿಂಗಲ್ ಕ್ರೋಶಾವನ್ನು ಈಗಾಗಲೇ ಬಲ್ಲವರು, ಬೊಂಬೆ ಮಾಡಬೇಕೆಂಬ ಆಸೆಯುಳ್ಳವರು ಈ ಕಿಟ್ ಕೊಂಡರೆ ನಷ್ಟವಿಲ್ಲ. ಶೂನ್ಯದಿಂದ ಆರಂಭಿಸುವವರು ಒಂದು ಒಳ್ಳೆಯ ಕಡ್ಡಿ, ತಿಳಿಬಣ್ಣದ ನಯ ದಾರದ ಒಂದು ಉಂಡೆ, ಇಷ್ಟನ್ನೇ ಕೊಳ್ಳುವುದು ಮೇಲು. ಕಿಟ್ ಉಡುಗೊರೆಯಾಗಿ ಬಂದಿದ್ದರೆ ಹೊಟ್ಟೆಯ ಭಾಗಕ್ಕೆಂದು ಕೊಟ್ಟಿರುವ ಬಿಳಿ ದಾರದಿಂದ ಅಭ್ಯಾಸ ಶುರುಮಾಡಿ, ಕಪ್ಪನ್ನು ಕೊನೆಗಿಟ್ಟುಕೊಳ್ಳಬಹುದು. ಬೊಂಬೆ ಮೂರು ವರ್ಷದೊಳಗಿನ ಮಗುವಿಗಾಗಿದ್ದರೆ ಪ್ಲಾಸ್ಟಿಕ್ ಕಣ್ಣುಗಳನ್ನು ಹಾಕದೆ ದಾರದಲ್ಲೇ ಕಸೂತಿ ಮಾಡಬೇಕು, ಕಳಚಿ ಬಂದರೆ ಅವು ಗಂಟಲಿಗೆ ಸಿಕ್ಕಿಕೊಳ್ಳಬಲ್ಲವು. ದೊಡ್ಡವರಿಗಾದರೆ, ತಲೆಯನ್ನು ಮುಚ್ಚುವ ಮೊದಲೇ ಕಣ್ಣುಗಳ ಜಾಗವನ್ನು ಎರಡು ಸಲ ನೋಡಿ, ಆಮೇಲಷ್ಟೇ ಒಳಗಿನಿಂದ ಕಣ್ಣನ್ನು ಹಿಡಿದಿಡುವ ವಾಷರ್ (ಬಿಲ್ಲೆ) ಒತ್ತಬೇಕು. ನನ್ನ ಪೆಂಗ್ವಿನ್‌ನ ಎಡಗಣ್ಣು ಬಲಗಣ್ಣಿಗಿಂತ ಒಂದು ಸುತ್ತು ಮೇಲೆ ಕೂತಿದೆ; ಇಡೀ ಬೊಂಬೆಯಲ್ಲಿ ಅದೊಂದನ್ನು ಮಾತ್ರ ಬಿಚ್ಚಲಾಗಲಿಲ್ಲ.