ಚರ್ಚ್ ಮುಂದೆ ಕಟ್ಟುವ ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ ಬ್ಯಾನರ್: ವಿನೈಲೋ, ಮೆಶ್ಶೋ?

‘ಕರಿಯರ ಜೀವಕ್ಕೂ ಬೆಲೆಯಿದೆ’ ಎನ್ನುವುದೇ ಬ್ಲ್ಯಾಕ್ ಲೈವ್ಸ್ ಮ್ಯಾಟರ್ ಚಳವಳಿಯ ಮಾತು. 2015ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಮಹಾಸಭೆಯಲ್ಲಿ ಉದಾರವಾದಿ ಧಾರ್ಮಿಕ ಪಂಗಡವಾದ ಯೂನಿಟೇರಿಯನ್ ಯೂನಿವರ್ಸಲಿಸ್ಟ್ ಪಂಥ ಅದಕ್ಕೆ ಬೆಂಬಲದ ನಿರ್ಣಯ ಮಾಡಿತು. ಆಮೇಲೆ ಅಮೆರಿಕದುದ್ದಕ್ಕೂ ಅವರ ಚರ್ಚುಗಳ ಎದುರು ಬ್ಯಾನರ್ ಎದ್ದವು. ಎಷ್ಟೋ ಕಡೆ ಅವು ಕಳುವಾದವು, ಕತ್ತರಿಗೂ ಸಿಕ್ಕವು. ಹಾಗಾಗಿ ಬಾಳಿಕೆಯ ಮಾತೇ ಮೊದಲು.

ಅಂಗಡಿಯವರು ಸಾಮಾನ್ಯವಾಗಿ ಕೊಡುವುದು ಚದರ ಗಜಕ್ಕೆ 13 ಔನ್ಸ್ ತೂಗುವ ವಿನೈಲ್, ಅಂದರೆ ಚದರ ಮೀಟರಿಗೆ ಸುಮಾರು 440 ಗ್ರಾಂ. ನಮ್ಮೂರ ಫ್ಲೆಕ್ಸ್‌ನ ದಪ್ಪ ಅಣ್ಣ ಅನ್ನಿ. ಗೋಡೆಗೆ ಇದು ಸಾಕು. ಹುಲ್ಲುಹಾಸಿನಲ್ಲಿ ಎರಡು ಕಂಬದ ನಡುವೆ ಕಟ್ಟುವುದಾದರೆ ಮಾತ್ರ ಬೇಡ: 3×8 ಅಡಿಯ ಬ್ಯಾನರ್ ದೋಣಿಯ ಹಾಯಿಯಂತೆ ಉಬ್ಬಿ ಮೂಲೆಯ ಐಲೆಟ್ (ಹಗ್ಗ ಪೋಣಿಸುವ ಲೋಹದ ಬಳೆ) ಕಿತ್ತುಬರುತ್ತದೆ. ಅಲ್ಲಿಗೆ ಮೆಶ್, ಅಂದರೆ ಗಾಳಿ ತೂರಿಹೋಗುವ ಸಣ್ಣ ತೂತುಗಳ ಬಟ್ಟೆ ತೆಗೆದುಕೊಳ್ಳಿ. ಗಾಳಿ ಹೋಗಲೆಂದು ವಿನೈಲ್‌ನಲ್ಲೇ ಅರ್ಧಚಂದ್ರದಂತೆ ಕುಯ್ದು ಕೊಡುವುದುಂಟು. ಹರುಕು ಶುರುವಾಗುವುದೇ ಆ ಕುಯ್ತದಿಂದ.

ಅಂಚು ಮಡಚಿ ಹೊಲಿದಿರಬೇಕು, ಎರಡಡಿಗೊಂದು ಐಲೆಟ್ ಇರಬೇಕು. ಜಿಪ್ ಟೈ ಬಿಗಿದರೆ ಬಟ್ಟೆ ಸೋಲುತ್ತದೆ. ಹಿಗ್ಗುವ ಎಲಾಸ್ಟಿಕ್ ಹಗ್ಗ (ಬಂಜೀ) ಕಟ್ಟಿದರೆ ಎಳೆತವನ್ನು ಅದು ನುಂಗಿಕೊಳ್ಳುತ್ತದೆ.

ಮೂರೂ ಪದ ಒಂದೇ ಸಾಲಿನಲ್ಲಿ ಹಾಕಿಸಬೇಡಿ. ಎಂಟಡಿ ಅಗಲದಲ್ಲಿ ಅಕ್ಷರ ಸುಮಾರು 7 ಇಂಚಿಗೇ ನಿಲ್ಲುತ್ತದೆ. ಎರಡು ಸಾಲು ಮಾಡಿದರೆ 11 ಇಂಚು ಸಿಗುತ್ತದೆ. ಇಂಚಿಗೆ ಹತ್ತಡಿ ಲೆಕ್ಕದಲ್ಲಿ, ಕಾರಿನಲ್ಲಿ ಹೋಗುವವರಿಗೆ 110 ಅಡಿಯಿಂದಲೇ ಸಲೀಸಾಗಿ ಓದಬಹುದು. ಬಿಳಿಯ ಮೇಲೆ ಕಪ್ಪೇ ಲೇಸು, ಕೆಂಪು ಹಳದಿ ಬಿಸಿಲಿಗೆ ಬೇಗ ಮಾಸುತ್ತವೆ.

ಕಿಡಿಗೇಡಿಗಳ ಮುಂದೆ ಮಾತ್ರ ಯಾವ ಬಟ್ಟೆಯೂ ನಿಲ್ಲದು. 2020ರ ಡಿಸೆಂಬರ್ 12ರ ರಾತ್ರಿ ವಾಷಿಂಗ್ಟನ್‌ನಲ್ಲಿ ಪ್ರೌಡ್ ಬಾಯ್ಸ್ ಎಂಬ ತೀವ್ರ ಬಲಪಂಥೀಯ ಗುಂಪಿನವರು ಆಸ್ಬರಿ ಯುನೈಟೆಡ್ ಮೆಥಡಿಸ್ಟ್ ಚರ್ಚಿನ ಬ್ಯಾನರ್ ಸುಟ್ಟರು, ಮೆಟ್ರೊಪಾಲಿಟನ್ ಎ.ಎಂ.ಇ. (ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್) ಚರ್ಚಿನದನ್ನು ಕಿತ್ತು ಹಾಳುಮಾಡಿದರು. ಎರಡೂ ಕರಿಯರ ಹಳೆಯ ಚರ್ಚುಗಳು. ಮೆಟ್ರೊಪಾಲಿಟನ್ನಿಗೆ ಹತ್ತು ಲಕ್ಷ ಡಾಲರ್ ಮೀರಿದ ಪರಿಹಾರ ಕೊಡಬೇಕೆಂದು ಕೋರ್ಟು ಹೇಳಿದ್ದು 2023ರಲ್ಲಿ. ಅಷ್ಟು ದಿನ ಕಂಬ ಬರಿದಾಗಿರಲಾಗದು: ಏಣಿ ಇಲ್ಲದೆ ಕೈಗೆಟುಕದ ಎತ್ತರದಲ್ಲಿ ಕಟ್ಟಿ, ಒಂದೇ ಆರ್ಡರಿನಲ್ಲಿ ಎರಡು ಮಾಡಿಸಿ. ಬಟ್ಟೆಯ ಬದಲು ಅಲ್ಯೂಮಿನಿಯಂ ಕಾಂಪೊಸಿಟ್ ಫಲಕ (ಎರಡು ಲೋಹದ ತಗಡಿನ ನಡುವೆ ಪ್ಲಾಸ್ಟಿಕ್) ಹಾಕಿದರೆ ಚಾಕುವಿಗೆ ಜಗ್ಗದು, ಆದರೆ ಸ್ಪ್ರೇ ಪೇಂಟ್ ಬಿದ್ದು ಥಿನ್ನರ್ ಹಾಕಿದರೆ ಅಕ್ಷರವೂ ಅಳಿಸಿಹೋಗುತ್ತದೆ. ಮೇಲೆ ಲ್ಯಾಮಿನೇಷನ್ ಕೇಳಿ.

ಬ್ಯಾನರ್ ಕಟ್ಟಲು ಚರ್ಚಿನ ಸದಸ್ಯರ ಸಭೆ ಮತ ಹಾಕಿ ಮಾಡುವ ನಿರ್ಣಯದಲ್ಲೇ ‘ಹರಿದರೆ ಮತ್ತೆ ಕಟ್ಟುವುದು’ ಎಂದು ಬರೆಸಿಕೊಳ್ಳಿ. ಇಲ್ಲದಿದ್ದರೆ ಪ್ರತಿ ಸಲ ಹೊಸ ಸಭೆ, ಹಳೆಯ ಜಗಳ. ಬರಹದ ಒಕ್ಕಣೆ ನೋಡಿ ಊರಾಡಳಿತ ತಾರತಮ್ಯ ಮಾಡುವಂತಿಲ್ಲ. ಅರಿಜೋನಾದ ಗಿಲ್ಬರ್ಟ್ ಪಟ್ಟಣದ ವಿರುದ್ಧ ಫಲಕಗಳ ನಿಯಮದ ಬಗ್ಗೆ ಒಂದು ಚರ್ಚೇ 2015ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿದೆ. ಅಳತೆಯ ನಿಯಮ ಮಾತ್ರ ಎಲ್ಲರಿಗೂ ಒಂದೇ, ಮುದ್ರಣಕ್ಕೆ ಮುಂಚೆ ವಿಚಾರಿಸಿ. ಚುನಾವಣೆಯ ಅಭ್ಯರ್ಥಿಯ ಹೆಸರು ಸೇರಿಸಿದರೆ ಚರ್ಚಿನ ತೆರಿಗೆ ವಿನಾಯಿತಿಗೇ ಸಂಚಕಾರ.

ಎರಡನೇ ಬ್ಯಾನರನ್ನು ಮಡಚಿಡಬೇಡಿ, ಗೆರೆ ಬಿದ್ದು ಬಣ್ಣ ಬಿರಿಯುತ್ತದೆ. ಬರಹ ಹೊರಮುಖವಾಗಿ ಕೊಳವೆಗೆ ಸುತ್ತಿಡಿ.