ಮೊಣಕಾಲಿನಿಂದ ಮೇಲಿನದನ್ನು ತಿಳಿಸುವ ಕೋಲು: ಸ್ಮಾರ್ಟ್‌ಕೇನ್ ಬಳಕೆಯ ಅನುಭವ

ನನ್ನ ಹಾಸ್ಟೆಲಿನ ಗೆಳೆಯನ ಹಣೆಯ ಮೇಲೆ ಒಂದು ಹಳೆಯ ಗಾಯದ ಗುರುತಿದೆ. ಹುಟ್ಟಿನಿಂದಲೇ ದೃಷ್ಟಿಯಿಲ್ಲದ ಅವನು ರಸ್ತೆಬದಿಯಲ್ಲಿ ನಿಂತಿದ್ದ ಲಾರಿಯ ಹಿಂಭಾಗಕ್ಕೆ ಡಿಕ್ಕಿ ಹೊಡೆದಾಗ ಆದ ಗಾಯವದು. ಬಿಳಿ ಕೋಲು ಅಂದೂ ಅವನ ಕೈಯಲ್ಲಿತ್ತು; ಆದರೆ ಅದು ಲಾರಿಯ ಅಡಿಯ ಖಾಲಿ ಜಾಗದಲ್ಲಿ ಹಾದು, ದಾರಿ ತೆರವಾಗಿದೆ ಎಂದೇ ತಿಳಿಸಿತ್ತು.

ಈ ಕೊರತೆಯೊಂದನ್ನೇ ಗುರಿಯಾಗಿಸಿಕೊಂಡ ಸಾಧನ ಸ್ಮಾರ್ಟ್‌ಕೇನ್. 2005ರ ಸುಮಾರಿಗೆ ದೆಹಲಿಯ ಐಐಟಿಯಲ್ಲಿ ಪದವಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಆರಂಭವಾದ ಇದು, ದೃಷ್ಟಿಹೀನ ಬಳಕೆದಾರರ ಜೊತೆಗಿನ ವರ್ಷಗಳ ಪ್ರಯೋಗದ ಬಳಿಕ 2014ರಲ್ಲಿ ಮಾರುಕಟ್ಟೆಗೆ ಬಂದಿತು. ತಯಾರಿಕೆಯ ಹೊಣೆ ಹೊತ್ತದ್ದು ಚೆನ್ನೈನ ಫೀನಿಕ್ಸ್ ಮೆಡಿಕಲ್ ಸಿಸ್ಟಮ್ಸ್. ಸಾಮಾಜಿಕ ಸಮಸ್ಯೆಗಳ ಬಗ್ಗೆ ಆಸಕ್ತಿಯಿಂದ ಡಿಸೈನ್ ಥಿಂಕಿಂಗ್ (ಬಳಸುವವರ ಅಗತ್ಯವನ್ನು ಅರಿತು ಪರಿಹಾರ ರೂಪಿಸುವ ವಿಧಾನ) ಓದುತ್ತಿರುವ ನನಗೆ ಈ ಸಾಧನದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಅದರ ಸಂಯಮ. ಅದನ್ನು ರೂಪಿಸಿದವರು ಬಿಳಿ ಕೋಲನ್ನು ಕಿತ್ತುಹಾಕಿ ಹೊಸತೊಂದನ್ನು ಹೇರಲಿಲ್ಲ. ಗುಂಡಿ, ಮೆಟ್ಟಿಲು, ಚರಂಡಿಯ ಅಂಚನ್ನು ಕೋಲಿನ ತುದಿಯಿಂದಲೇ ಅರಿಯುವ ವಿದ್ಯೆ ಬಳಕೆದಾರನಿಗೆ ಕರಗತವಾಗಿದೆ ಎಂಬುದನ್ನು ಗೌರವಿಸಿ, ಮೊಣಕಾಲಿನಿಂದ ಮೇಲಿರುವ ಅಡೆತಡೆಯನ್ನಷ್ಟೇ ತಿಳಿಸುವ ಹಿಡಿಕೆಯೊಂದನ್ನು ಅದೇ ಕೋಲಿಗೆ ಜೋಡಿಸಿದರು.

ಬಾವಲಿಯಂತೆ ಇದೂ ಶ್ರವಣಾತೀತ ತರಂಗಗಳನ್ನು ಹೊರಡಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ದೂರವನ್ನು ಅಳೆಯುತ್ತದೆ. ಹೊರಾಂಗಣದಲ್ಲಿ ಮೂರು ಮೀಟರ್‌ವರೆಗಿನ ವಸ್ತುವನ್ನು ಗುರುತಿಸಬಲ್ಲದು. ಕೋಣೆಯೊಳಗೆ ಅಥವಾ ಜನಸಂದಣಿಯಲ್ಲಿ ಈ ವ್ಯಾಪ್ತಿಯನ್ನು ತಗ್ಗಿಸಿಕೊಳ್ಳಬಹುದು. ವಸ್ತು ಹತ್ತಿರವಾದಂತೆ ಹಿಡಿಕೆಯ ಕಂಪನದ ಲಯ ಬದಲಾಗುತ್ತದೆ. ಎಚ್ಚರಿಕೆಯನ್ನು ಸದ್ದಿನ ಬದಲು ಕಂಪನದ ಮೂಲಕ ಕೊಟ್ಟಿರುವುದು ಸಣ್ಣ ವಿಷಯವಲ್ಲ. ರಸ್ತೆ ದಾಟುವವನಿಗೆ ಕಿವಿಯೇ ಕಣ್ಣು. ವಾಹನಗಳ ಸದ್ದಿಗೆ ಮೀಸಲಾದ ಆ ಕಿವಿಯನ್ನು ಯಂತ್ರ ಆಕ್ರಮಿಸಬಾರದು. ನಮ್ಮ ಕ್ಯಾಂಪಸ್ಸಿನ ಓಣಿಯಲ್ಲಿ ಬಾಗಿದ ಹೊಂಗೆಯ ಕೊಂಬೆಯೊಂದಿದೆ. ಸ್ಮಾರ್ಟ್‌ಕೇನ್ ಹಿಡಿದ ಗೆಳೆಯ ಅದರ ಮುಂದೆ ತಾನಾಗಿಯೇ ನಿಂತು, ಕೈ ಚಾಚಿ ಎಲೆಗಳನ್ನು ಮುಟ್ಟಿ, ಪಕ್ಕಕ್ಕೆ ಸರಿದು ಮುಂದೆ ನಡೆದದ್ದನ್ನು ನಾನು ಮರೆಯಲಾರೆ.

ಕೊಳ್ಳುವವರು ಇದರ ಮಿತಿಯನ್ನೂ ತಿಳಿದಿರಬೇಕು. ಎದುರಿಗಿರುವುದು ಗೋಡೆಯೋ ಹಸುವೋ ಮನುಷ್ಯನೋ ಎಂಬುದನ್ನು ಕಂಪನ ಹೇಳದು. ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿರಬೇಕು. ಕಂಪನದ ಭಾಷೆ ಕೈಗೆ ಒಗ್ಗಲು ಅಭ್ಯಾಸ ಬೇಕು. ಬಿಳಿ ಕೋಲಿನಲ್ಲಿ ಸ್ವತಂತ್ರವಾಗಿ ನಡೆಯಲು ಇನ್ನೂ ಕಲಿಯದವರಿಗೆ ಇದನ್ನು ಮೊದಲೇ ಕೊಡುವುದು ಸರಿಯೆಂದು ನನಗನ್ನಿಸುವುದಿಲ್ಲ.

ಬಿಡುಗಡೆಯ ವೇಳೆಗೆ ಇದರ ಬೆಲೆ ಮೂರು ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು. ಇದೇ ಬಗೆಯ ವಿದೇಶಿ ಸಾಧನಗಳಿಗೆ ಹೋಲಿಸಿದರೆ ಅದು ತೀರಾ ಅಗ್ಗವೇ. ಆದರೂ ಹಳ್ಳಿಯಿಂದ ವಿದ್ಯಾರ್ಥಿವೇತನ ನಂಬಿ ಬಂದ ವಿದ್ಯಾರ್ಥಿಗೆ ಆ ಮೊತ್ತ ಹಗುರವಲ್ಲ. ಗ್ರಂಥಾಲಯ ಪುಸ್ತಕ ಕೊಡುವಂತೆಯೇ ವಿಶ್ವವಿದ್ಯಾಲಯಗಳು ಇಂತಹ ನಾಲ್ಕಾರು ಕೋಲುಗಳನ್ನು ಕೊಂಡು, ಬೇಕಾದವರಿಗೆ ಎರವಲು ಕೊಡಬೇಕೆಂದು ನಾನು ನಮ್ಮ ವಿಭಾಗಕ್ಕೆ ಮನವಿ ಬರೆದಿದ್ದೇನೆ. ಅದರ ಕೆಳಗಿನ ಮೊದಲ ಸಹಿ ನನ್ನ ಗೆಳೆಯನದು.